ವೀಸ್ ಏಕ್ ಮಹಾಯುದ್ಧ

2019ರ ಜೂನ್‌ನಲ್ಲಿ ಮಹಾರಾಷ್ಟ್ರದ ಸಂಸ್ಕೃತಿಗೆ ಭಾರಿ ಗಂಡಾಂತರ ಬಂದಿತ್ತು, ನೆನಪಿದೆಯಾ? ಬಂದದ್ದು ಎರಡನೇ ಕ್ಲಾಸಿನ ಗಣಿತ ಪುಸ್ತಕದಿಂದ. ಮರಾಠಿಯಲ್ಲಿ 21ಕ್ಕೆ 'ಏಕವೀಸ್' (ಒಂದು-ಇಪ್ಪತ್ತು) ಜೊತೆಗೆ 'ವೀಸ್ ಏಕ್' (ಇಪ್ಪತ್ತು-ಒಂದು) ಅಂತಲೂ ಹೇಳಿಕೊಡಿ ಎಂದಿತ್ತು ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ. ಅಷ್ಟೇ. ಟಿವಿಯಲ್ಲಿ ಕೂಗಾಟ, ವಿಧಾನಸಭೆಯಲ್ಲಿ ಗದ್ದಲ. ಹಾಗಾದರೆ ಮುಖ್ಯಮಂತ್ರಿ ಫಡಣವೀಸರನ್ನು 'ಫಡಣ ಎರಡು ಸೊನ್ನೆ' ಅನ್ನಬೇಕಾ ಅಂತ ವಿರೋಧ ಪಕ್ಷದ ಅಜಿತ್ ಪವಾರ್ ಕುಟುಕಿದರು. ಜೋಕು ಚೆನ್ನಾಗಿತ್ತು ಬಿಡಿ. ಗಣಿತದ ಚರ್ಚೆ ಅಲ್ಲಿಗೆ ಮುಗಿಯಿತು.

ಆಗ ಪುಸ್ತಕ ಸಮಿತಿಯ ಮುಖ್ಯಸ್ಥೆಯಾಗಿದ್ದ ಮಂಗಳಾ ನಾರಳೀಕರ್ ಸ್ವತಃ ಗಣಿತಜ್ಞೆ. ಅವರ ಕಾರಣ ತೀರಾ ಸರಳ. 'ತ್ರೇಸಷ್ಟ' ಅಂದಾಗ ಮಗುವಿನ ಕಿವಿಗೆ ಮೊದಲು ಬೀಳೋದು ಮೂರು, ಆಮೇಲೆ ಅರವತ್ತು. ಕೇಳಿಸಿದ ಹಾಗೇ ಬರೆದರೆ 63 ಹೋಗಿ 36 ಆಗುತ್ತೆ. ದಕ್ಷಿಣದ ಭಾಷೆಗಳಲ್ಲಿ ಈ ತೊಂದರೆ ಇಲ್ಲ, ಕನ್ನಡದಲ್ಲೂ ಇಲ್ಲ ಅಂದರು.

ನಮ್ಮ ಮುಂಬೈ ಕನ್ನಡಿಗರಿಗೆ ಇಷ್ಟು ಸಾಕಲ್ವಾ! ಮಾಟುಂಗಾದ ಹೋಟೆಲಿನಲ್ಲಿ ಒಬ್ಬ ಹಿರಿಯರು ಕಾಫಿ ಆರಿದ್ದೂ ಗೊತ್ತಾಗದ ಹಾಗೆ ಭಾಷಣ ಮಾಡುತ್ತಿದ್ದರು. "ಅರವತ್ಮೂರು ಮಾರಾಯ್ರೇ! ಮೊದಲು ಅರವತ್ತು, ಆಮೇಲೆ ಮೂರು, ನಮ್ಮ ಹಿರಿಯರ ತಲೆ ಅಂದ್ರೆ ತಲೆ!" ಬಿಲ್ಲು ಬಂತು. "ಇನ್ನೂರ ಎಪ್ಪತ್ತೊಂಬತ್ತು" ಅಂದ ಮಾಣಿ. ಪಕ್ಕದಲ್ಲಿದ್ದ ಮೊಮ್ಮಗ ಕೇಳಿದ, "ಅಜ್ಜಾ, ಅಂದ್ರೆ ಎಷ್ಟು?" ಅಜ್ಜ ಧ್ವನಿ ತಗ್ಗಿಸಿ, "ಟೂ ಸೆವೆಂಟಿ ನೈನ್ ಮಗಾ." ಮುನಿಸಿಪಾಲಿಟಿ ಇವತ್ತಿಗೂ ಕನ್ನಡ ಮಾಧ್ಯಮದ ಶಾಲೆ ನಡೆಸುತ್ತೆ. ಅಲ್ಲಿಗೆ ಮೊಮ್ಮಗನನ್ನು ಕಳಿಸಬಹುದಿತ್ತಲ್ಲ ಅಂತ ಕೇಳಿ ನೋಡಿ, ಹಿರಿಯರಿಗೆ ತಕ್ಷಣ ಲೋಕಲ್ ಹಿಡಿಯೋ ಅರ್ಜೆಂಟು.

ಅದೇ ವರ್ಷ ಜನವರಿಯಲ್ಲಿ, ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯ ವರದಿ ಬಂದಿತ್ತು. ದೇಶದ ಹಳ್ಳಿಗಳಲ್ಲಿ ಮೂರನೇ ಕ್ಲಾಸಿನ ನೂರು ಮಕ್ಕಳಲ್ಲಿ ಎರಡಂಕಿಯ ಕಳೆಯುವ ಲೆಕ್ಕ, ಅದೇ ದಶಕ ಕಡ ತಂದು ಮಾಡೋದು, ಬರುತ್ತಿದ್ದದ್ದು ಸುಮಾರು 28 ಮಕ್ಕಳಿಗೆ. ಕಲಿಸಬೇಕಾದ ಟೀಚರ್ ಎಲ್ಲಿ? ಮತದಾರರ ಪಟ್ಟಿ ಹಿಡಿದುಕೊಂಡು ಮನೆಮನೆ ಮೆಟ್ಟಿಲು ಹತ್ತುತ್ತಿದ್ದಾರೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರಕ್ಕೆ ಅವರನ್ನು ಕರೆಸಿಕೊಳ್ಳಬಹುದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಬರೆದುಕೊಟ್ಟಿದೆ. ಊರಿನವರ ತಲೆಯೆಲ್ಲ ಎಣಿಸಿ ಮುಗಿದ ಮೇಲೆ ಪುರುಸೊತ್ತು ಸಿಕ್ಕರೆ ಮಕ್ಕಳಿಗೂ ಎಣಿಸೋದು ಕಲಿಸಬಹುದು, ಬೇಡ ಅಂದವರ್ಯಾರು?

ಆ 28ರ ಬಗ್ಗೆ ಯಾವ ಸ್ಟುಡಿಯೋದಲ್ಲೂ ಮೇಜು ಗುದ್ದಿದ್ದು ನಾನು ನೋಡಲಿಲ್ಲ. ಹೇಗೆ ಗುದ್ದುತ್ತಾರೆ ಪಾಪ, ಅದನ್ನು 'ಅಠ್ಠಾವೀಸ್' ಅನ್ನಬೇಕೋ 'ವೀಸ್ ಆಠ್' ಅನ್ನಬೇಕೋ ಇನ್ನೂ ತೀರ್ಮಾನ ಆಗಿರಲಿಲ್ಲ.