ಚಿನ್ನ ಅಂತ ನಂಬಿ ಉಳಿತಾಯ ಇಡುವವರ ಪಾಡು

ಕಂಪ್ಯೂಟರ್ ಜಾಲದಲ್ಲಷ್ಟೇ ಇರುವ ನಾಣ್ಯವಾದ ಬಿಟ್‌ಕಾಯಿನ್ ಅಂದರೆ ಡಿಜಿಟಲ್ ಚಿನ್ನ, ಬೆಲೆ ಏರಿಕೆಯಿಂದ ಉಳಿತಾಯವನ್ನು ಕಾಪಾಡುತ್ತದೆ ಅಂತ ಲೇಖನದಲ್ಲಿ ಬರೆದಿದ್ದೀರಿ. ಒಟ್ಟು 2.1 ಕೋಟಿ ನಾಣ್ಯಕ್ಕಿಂತ ಜಾಸ್ತಿ ಹುಟ್ಟುವುದಿಲ್ಲ ಅನ್ನುವುದು ನಿಜ, ಒಪ್ಪುತ್ತೇನೆ. ಆದರೆ ಸಿಗುವುದು ಕಡಿಮೆ ಅಂದ ಮಾತ್ರಕ್ಕೆ ಬೆಲೆ ನಿಲ್ಲುತ್ತದಾ? 2021ರ ನವೆಂಬರ್‌ನಲ್ಲಿ ಒಂದು ನಾಣ್ಯಕ್ಕೆ ಸುಮಾರು 69,000 ಡಾಲರ್ ಇದ್ದದ್ದು ಒಂದೇ ವರ್ಷದಲ್ಲಿ 16,000ದ ಆಸುಪಾಸಿಗೆ ಬಿತ್ತು. ಆಮೇಲೆ ಮತ್ತೆ ಏರಿತು, ಸರಿ. ಆದರೆ ಅದೇ ವರ್ಷ ಮಗಳ ಫೀಸು ಕಟ್ಟಬೇಕಿದ್ದವರು, ಆಸ್ಪತ್ರೆ ಖರ್ಚಿಗೆ ದುಡ್ಡು ಬೇಕಾಗಿದ್ದವರು ಏರುವ ತನಕ ಕಾಯಲು ಆಗುತ್ತದಾ? ಕೈಯಲ್ಲಿ ಬೇರೆ ದುಡ್ಡು ಇದ್ದವರು ಕಾದರು, ಇಲ್ಲದವರು ನಷ್ಟಕ್ಕೆ ಮಾರಿದರು, ಅವರು ಮಾರಿದ್ದನ್ನೇ ಇವರು ಅಗ್ಗಕ್ಕೆ ಕೊಂಡರು. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ನನ್ನ ಸ್ನೇಹಿತನೊಬ್ಬ ತನ್ನ ನಾಣ್ಯಗಳನ್ನು ಫೋನಿನ ವಾಲೆಟ್ ಆ್ಯಪ್‌ನಲ್ಲಿ ಇಟ್ಟಿದ್ದ, ಫೋನ್ ಹೋದರೂ ಅವನ್ನು ಮತ್ತೆ ತೆರೆಯುವ ಕೀಲಿಯಂತಿರುವ 12 ಪದಗಳನ್ನು ಚೀಟಿಯಲ್ಲಿ ಬರೆದು ಡೈರಿಯೊಳಗೆ ಇಟ್ಟಿದ್ದ. ಮನೆ ಬದಲಿಸುವಾಗ ಡೈರಿ ರದ್ದಿಗೆ ಹೋಯಿತು, ಆಮೇಲೆ ಫೋನೂ ಕೆಟ್ಟಿತು, ಅಷ್ಟೇ. ನಾಣ್ಯ ಅಲ್ಲೇ ಇದೆ, ಲೆಕ್ಕ ಎಲ್ಲರಿಗೂ ಕಾಣುತ್ತದೆ, ಆದರೆ ಅವನಿಗೇ ಮುಟ್ಟಲು ಆಗುವುದಿಲ್ಲ. ಯಾರ ಹತ್ತಿರ ಹೋಗಿ ಕೇಳುವುದು? ಹೋಗಲಿ, ನಾಣ್ಯ ಕೊಂಡು ಮಾರುವ ಎಕ್ಸ್‌ಚೇಂಜ್ ಕಂಪನಿಯಲ್ಲೇ ಬಿಡೋಣ ಅಂದರೆ 2022ರಲ್ಲಿ ಎಫ್‌ಟಿಎಕ್ಸ್ ಅನ್ನುವ ದೊಡ್ಡ ಎಕ್ಸ್‌ಚೇಂಜ್ ಮುಳುಗಿದಾಗ ಲಕ್ಷಾಂತರ ಜನರ ದುಡ್ಡು ಒಳಗೇ ಸಿಕ್ಕಿಕೊಂಡಿತು. ಎಷ್ಟೋ ದೇಶಗಳಲ್ಲಿ ಬ್ಯಾಂಕ್ ಠೇವಣಿಗೆ ಇರುವಂಥ ವಿಮೆ ಇದಕ್ಕಿರಲಿಲ್ಲ.

ತಮ್ಮ ದೇಶದ ದುಡ್ಡೇ ಕುಸಿಯುತ್ತಿರುವ ಕಡೆ ಜನ ಇದನ್ನು ಹಿಡಿದುಕೊಳ್ಳುವುದು ಅರ್ಥವಾಗುತ್ತದೆ, ಅವರನ್ನು ದೂರುವುದಿಲ್ಲ. ಆದರೆ ಸಾಲ ಮಾಡಿಯಾದರೂ ಕೊಳ್ಳಿ ಅಂತ ಹುಡುಗರಿಗೆ ವಿಡಿಯೋದಲ್ಲಿ ಹೇಳುವವರು ಈ 12 ಪದಗಳ ವಿಷಯವನ್ನಾದರೂ ಮೊದಲು ಹೇಳಲಿ.