ಅರ್ಧ ಇಂಚಿನ ಮಾಯೆ

ಅರ್ಧ ಇಂಚಿನ ಪೈಪಿನಲ್ಲಿ ಅರ್ಧ ಇಂಚು ಎಲ್ಲಿದೆಯೆಂದು ಸ್ಕೇಲು ಹಿಡಿದು ಹುಡುಕುವುದು ವ್ಯರ್ಥ. ಅರ್ಧ ಇಂಚೆಂದರೆ 12.7 ಮಿ.ಮೀ.; ಆ ಹೆಸರಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿನ ಹೊರವ್ಯಾಸ 21.3, ಒಳವ್ಯಾಸ ಸುಮಾರು 16. ಹಿಂದೆ ಕಬ್ಬಿಣದ ಪೈಪಿನ ಗೋಡೆ ದಪ್ಪವಿದ್ದಾಗ ಒಳಗಿನ ತೂತು ಹೆಚ್ಚುಕಡಿಮೆ ಹೆಸರಿಗೆ ತಕ್ಕಷ್ಟಿತ್ತು. ಗೋಡೆ ತೆಳುವಾದ ಮೇಲೂ ಹಳೆಯ ಥ್ರೆಡ್ಡಿಗೆ, ಅಂದರೆ ತುದಿಯ ತಿರುಪಿನ ಸುತ್ತುಗಳಿಗೆ, ಹೊಂದಲೆಂದು ಹೊರವ್ಯಾಸವನ್ನು ಹಾಗೆಯೇ ಉಳಿಸಿಕೊಂಡರು, ಹೆಸರೂ ಉಳಿಯಿತು. ನಮ್ಮ ಶಿರಸಿಯ ಅಡಿಕೆ ತೋಟಗಳಲ್ಲಿ 63 ಮಿ.ಮೀ. ಪಿವಿಸಿ ಪೈಪನ್ನು ‘ಎರಡು ಇಂಚು’ ಎಂದೇ ಕರೆಯುವುದರಿಂದ, ಕಬ್ಬಿಣದವರನ್ನು ಮಾತ್ರ ದೂರುವುದು ನ್ಯಾಯವಲ್ಲ.

ಈ ಪಾಂಡಿತ್ಯ ನಮಗೆ ಬಂದದ್ದು, ಭಾವನ ಮಗ ಅಮೆರಿಕದಿಂದ ಒಂದು ಶವರ್ ತಂದುಕೊಟ್ಟ ಮೇಲೆ. ಹಂಡೆಯ ನೀರನ್ನು ತಂಬಿಗೆಯಲ್ಲಿ ಮೊಗೆದು ಮೀಯುವ ಮನೆಗೆ ಅದರ ಅಗತ್ಯವೇನೂ ಇರಲಿಲ್ಲ. ಆದರೆ ತಂದದ್ದನ್ನು ಹಾಕದಿದ್ದರೆ ಮುಂದಿನ ರಜೆಯಲ್ಲಿ ಅವನಿಗೆ ಉತ್ತರ ಹೇಳಬೇಕಾಗುತ್ತದೆ. ಪ್ಲಂಬರ್ ಬಂದು ತಿರುಗಿಸಿದ. ಸುಲಭವಾಗಿ ಕೂತಿತು, ಅಷ್ಟೇ ಸುಲಭವಾಗಿ ಸೋರಿತು. “ಹೆಗಡೇರೇ, ಇನ್ನೊಂದು ಸುತ್ತು ಟೇಪು ಸುತ್ತಿದರೆ ನಿಲ್ಲುತ್ತದೆ” ಎನ್ನುತ್ತ ಸುತ್ತಿಯೇ ಸುತ್ತಿದ್ದರಿಂದ, ಪೈಪಿನ ತುದಿ ಬಡಗುತಿಟ್ಟಿನ ವೇಷಧಾರಿಯ ಮುಂಡಾಸಿನಷ್ಟಾಯಿತು. ಟೆಫ್ಲಾನ್ ಮುಗಿಯಿತು, ಸೋರಿಕೆ ಮುಗಿಯಲಿಲ್ಲ.

ನಮ್ಮ ಪೈಪಿನದು ಬಿಎಸ್‌ಪಿ, ಅಂದರೆ ಬ್ರಿಟಿಷರ ವಿಟ್‌ವರ್ತ್ ಪರಂಪರೆಯ, 55 ಡಿಗ್ರಿ ಕೋನದ ಥ್ರೆಡ್. ಅಮೆರಿಕದ್ದು ಎನ್‌ಪಿಟಿ, 60 ಡಿಗ್ರಿ. ಅರ್ಧ ಇಂಚಿನ ಅಳತೆಯಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತುಗಳಿರುವುದೇ ಮೋಸದ ಮೂಲ. ಥ್ರೆಡ್ಡಿನ ಜಾಗದಲ್ಲಿ ನಮ್ಮದರ ಹೊರವ್ಯಾಸ 20.955 ಮಿ.ಮೀ., ಅವರದು 21.3ಕ್ಕೂ ತುಸು ಹೆಚ್ಚು. ಹೀಗಾಗಿ ನಮ್ಮದು ಅವರದರೊಳಗೆ ನಗುನಗುತ್ತ ಹೋಗಿ ಸಡಿಲವಾಗಿ ನಿಲ್ಲುತ್ತದೆ. ಒಂದು ಇಂಚಿನಲ್ಲಾದರೆ ನಮ್ಮದು 11, ಅವರದು ಹನ್ನೊಂದೂವರೆ. ಅಲ್ಲಿ ಕೆಲವೇ ಸುತ್ತಿಗೆ ಜಗಳ ಹತ್ತಿ, ವ್ಯತ್ಯಾಸ ತಾನಾಗಿಯೇ ಬಯಲಾಗುತ್ತದೆ. ಮುಚ್ಚುಮರೆಯಿಲ್ಲದ ಜಗಳವೇ ಮೇಲೆಂದು ನನ್ನ ಅಭಿಪ್ರಾಯ.

ಒಂದು ಬದಿಗೆ ಬಿಎಸ್‌ಪಿ, ಇನ್ನೊಂದು ಬದಿಗೆ ಎನ್‌ಪಿಟಿ ಇರುವ ಹಿತ್ತಾಳೆಯ ಅಡಾಪ್ಟರ್ ಬೇಕೆಂದಾಗ ಪೇಟೆಯ ಅಂಗಡಿಯವರು, “ಅರ್ಧ ಇಂಚು ತಾನೆ, ಎಲ್ಲ ಒಂದೇ” ಎಂದು ಎರಡೂ ಬದಿಗೆ ಬಿಎಸ್‌ಪಿಯೇ ಇರುವ ಮಾಮೂಲಿ ನಿಪ್ಪಲ್ ಕೊಟ್ಟರು. ಕೊನೆಗೆ ಭಾವನ ಮಗನೇ ಆನ್‌ಲೈನಿನಲ್ಲಿ ತರಿಸಿದ. ಸೋರಿಕೆ ಪೂರ್ತಿ ನಿಂತಿತು. ಆದರೆ ನಮ್ಮ ಟ್ಯಾಂಕು ಬಚ್ಚಲಿನ ಮಾಡಿಗಿಂತ ಹೆಚ್ಚೇನೂ ಎತ್ತರದಲ್ಲಿಲ್ಲ. ಒಂದು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಒಂದು ಬಾರ್‌ನ, ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ, ಹತ್ತನೆಯ ಒಂದು ಭಾಗ ಮಾತ್ರ. ಶವರಿನಿಂದ ಹನಿಹನಿಯಾಗಿ ಬೀಳುತ್ತಿದ್ದ ನೀರನ್ನು ನೋಡಿದ ಅತ್ತೆ, ಮೊದಲು ಸೋರುತ್ತಿದ್ದುದೇ ಇದಕ್ಕಿಂತ ಜೋರಿತ್ತೆಂದು ಹೇಳಿ ತಂಬಿಗೆ ಕೈಗೆತ್ತಿಕೊಂಡರು.