ಆಟ ಮುಗಿದ ಮೇಲಿನ ಹತ್ತು ನಿಮಿಷ

ಹೋದ ಭಾನುವಾರ, ನಾವು ಮಕ್ಕಳಿಗೆ ಫುಟ್‌ಬಾಲ್ ಆಡಿಸುವ ಮೈದಾನಕ್ಕೆ ಒಬ್ಬರು ಬಂದಿದ್ದರು. ಶಿವಮೊಗ್ಗದಲ್ಲಿ ಒಳ್ಳೆಯ ಹೆಸರಿರುವವರು, ಮನಸ್ಸೂ ಒಳ್ಳೆಯದೇ. ಮಕ್ಕಳು ಆಟ ಮುಗಿಸಿ, ಮೈಯೆಲ್ಲ ಕೆಸರು ಮಾಡಿಕೊಂಡು ಸುತ್ತಲೂ ಕೂತಿದ್ದರು. ಅದನ್ನು ನೋಡಿ, "ಇವರೇನು ಸುಮ್ನೆ ಕೂತಿದ್ದಾರೆ? ಇನ್ನೂ ಬೆಳಕಿದೆಯಲ್ಲ, ಆಡಿಸಿ" ಅಂದರು. ಹೊರಡುವಾಗ, "ಎಷ್ಟು ಜರ್ಸಿ ಬೇಕು ಹೇಳಿ, ಮಾಡಿಸಿಕೊಡ್ತೀನಿ" ಅಂತಲೂ ಅಂದರು. ಅವರಿಗೆ ಅಲ್ಲಿ ಸರಿಯಾಗಿ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಈ ಬರಹ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಫುಟ್‌ಬಾಲ್ ಆಡಿದವನಲ್ಲ. ತೀರ್ಥಹಳ್ಳಿ ಕಡೆಯ ಹಳ್ಳಿಯವನು. ನಮ್ಮಲ್ಲಿ ಆಟ ಅಂದರೆ ವಾಲಿಬಾಲ್, ಕಬಡ್ಡಿ, ಮತ್ತೆ ಕ್ರಿಕೆಟ್. ಗುಂಡಪ್ಪ ವಿಶ್ವನಾಥ್ ಅವರ ಭದ್ರಾವತಿ ಪಕ್ಕದಲ್ಲೇ ಇರುವಾಗ ಫುಟ್‌ಬಾಲ್ ಯಾರಿಗೆ ಬೇಕು? 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಅದೂ 54 ವರ್ಷದ ನಂತರ. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರಿತ್ತು. ರಿಯಾದ್‌ನಲ್ಲಿ ಗೆದ್ದ ದಿನ ನಮ್ಮ ಬೀದಿಯಲ್ಲಿ ಒಂದು ಪಟಾಕಿಯ ಸದ್ದೂ ಕೇಳಲಿಲ್ಲ.

ಮತ್ತೆ ಫುಟ್‌ಬಾಲೇ ಯಾಕೆ? ಮಳೆ. ನಿಜವಾಗಿಯೂ ಅಷ್ಟೇ ಕಾರಣ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಬ್ಯಾಟು ಅಟ್ಟ ಸೇರುತ್ತದೆ, ವಾಲಿಬಾಲ್ ನೆಟ್ಟು ನೆನೆದು ಜೋಲುತ್ತದೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಆರು ಜನ ಇರುವ ಮಕ್ಕಳು ಆ ಮೂರು ನಾಲ್ಕು ತಿಂಗಳು ಎಲ್ಲಿಗೆ ಹೋಗಬೇಕು? ಸೇತುವೆ ಕೆಳಗೆ, ಬಾಗಿಲು ಹಾಕಿದ ಅಂಗಡಿಗಳ ಜಗುಲಿ ಮೇಲೆ, ಮೊಬೈಲ್ ಇರುವವನ ಬೆನ್ನ ಹಿಂದೆ. ಅಲ್ಲಿ ಇನ್ನೂ ಏನೇನು ಕೈಗೆ ಸಿಗುತ್ತದೆ ಅಂತ ಊರಿನವರಿಗೆ ಗೊತ್ತು, ನಾನು ಬಿಡಿಸಿ ಹೇಳಬೇಕಿಲ್ಲ. ಮಳೆಗೆ ಕ್ಯಾರೇ ಅನ್ನದ ಆಟ ಇದೊಂದೇ. ಇಪ್ಪತ್ತು ಮಕ್ಕಳಿಗೆ ಒಂದು ಚೆಂಡು ಸಾಕು. ನಾಗ್ಪುರದ ಕಾಲೇಜು ಮೇಷ್ಟ್ರು ವಿಜಯ್ ಬಾರ್ಸೆ 2001ರಲ್ಲಿ ಕೊಳೆಗೇರಿ ಮಕ್ಕಳಿಗೆ ಫುಟ್‌ಬಾಲ್ ಆಡಿಸುವ ಸ್ಲಂ ಸಾಕರ್ ಸಂಸ್ಥೆ ಶುರು ಮಾಡಿದ್ದೂ ಮಳೆಯಲ್ಲಿ ಮುರಿದ ಬಕೆಟ್ ಒದೆಯುತ್ತಿದ್ದ ಹುಡುಗರನ್ನು ನೋಡಿಯೇ ಅಂತೆ.

ನಮ್ಮ ಗುಂಪಿಗೆ ಹೆಸರಿಲ್ಲ, ಬ್ಯಾನರ್ ಇಲ್ಲ. ಕಲಿಸುವವಳು ನನ್ನ ತಂಗಿಯ ಗೆಳತಿ. ಬೆಂಗಳೂರಿನಲ್ಲಿ ಕೆಲವು ವರ್ಷ ಮಕ್ಕಳ ಜೊತೆ ಇದೇ ಕೆಲಸ ಮಾಡಿ, ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಬಂದವಳು. ಮಕ್ಕಳಿಗೆಲ್ಲ ಅವಳು 'ಅಕ್ಕ', ಈಗ ನನ್ನ ಬಾಯಲ್ಲೂ ಅದೇ. ನಾನು ಚೆಂಡಿನ ಚೀಲ ಹೊರುವವನು, ಹಾಜರಿ ಬರೆಯುವವನು. ಭಾನುವಾರದ ಮೊದಲ ಕೆಲಸ ಶನಿವಾರ ರಾತ್ರಿಯ ಬಾಟಲಿ ಚೂರು ಹೆಕ್ಕುವುದು. ಕೀನ್ಯಾದ ನೈರೋಬಿಯ ಮಥಾರೆ ಅನ್ನುವ ಕೊಳೆಗೇರಿಯಲ್ಲಿ 1987ರಿಂದ ಮಕ್ಕಳ ಫುಟ್‌ಬಾಲ್ ನಡೆಯುತ್ತಿದೆ. ಅಲ್ಲಿ ಬೀದಿಯ ಕಸ ತೆಗೆದ ತಂಡಕ್ಕೆ ಅದಕ್ಕೂ ಪಾಯಿಂಟ್ ಉಂಟು. ಅಕ್ಕ ಇದನ್ನು ಹೇಳಿದ ಮುಂದಿನ ವಾರ ನಮ್ಮ ಒಬ್ಬ ಹುಡುಗ ಯಾವುದೋ ಬಾರಿನ ಹಿಂದಿನಿಂದ ಒಂದು ಚೀಲ ಬಾಟಲಿ ತಂದು ಮೈದಾನದಲ್ಲಿ ಸುರಿದ. ಹೆಕ್ಕಿದರೆ ಪಾಯಿಂಟ್ ಜಾಸ್ತಿ ಬರುತ್ತದಲ್ಲ, ಅದಕ್ಕೆ.

ಶೂ ಇಲ್ಲ ಅಂದರೆ ತಿಳಿದವರು 1948ರ ಕಥೆ ತೆಗೆಯುತ್ತಾರೆ. ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುತೇಕ ಬರಿಗಾಲಲ್ಲೇ ಫ್ರಾನ್ಸ್ ಎದುರು ಆಡಿದರು, 2-1ರಲ್ಲಿ ಸ್ವಲ್ಪದರಲ್ಲಿ ಸೋತರು. ಕಥೆ ಚೆನ್ನಾಗಿದೆ. ಆದರೆ ಅಲ್ಲಿ ಹುಲ್ಲಿನೊಳಗೆ ಕ್ವಾರ್ಟರ್ ಬಾಟಲಿ ಚೂರು ಇರಲಿಲ್ಲ.

ಈಗ ಆ ಹತ್ತು ನಿಮಿಷದ ವಿಷಯಕ್ಕೆ ಬರುತ್ತೇನೆ.

1994ರ ವಿಶ್ವಕಪ್‌ನಲ್ಲಿ ಕೊಲಂಬಿಯಾದ ಆಂದ್ರೆಸ್ ಎಸ್ಕೊಬಾರ್ ಅಮೆರಿಕದ ಮೇಲಿನ ಪಂದ್ಯದಲ್ಲಿ ಚೆಂಡು ತಡೆಯಲು ಹೋಗಿ ತಮ್ಮದೇ ಗೋಲಿಗೆ ಸೇರಿಸಿಬಿಟ್ಟರು. ಊರಿಗೆ ವಾಪಸಾದ ಕೆಲವೇ ದಿನಕ್ಕೆ, ಜುಲೈ 2ರಂದು, ಮೆಡಲಿನ್ ನಗರದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗ ಆ ಊರಿನಲ್ಲಿದ್ದ ಯೂರ್ಗನ್ ಗ್ರೀಸ್‌ಬೆಕ್ ಎಂಬ ಜರ್ಮನ್ ವ್ಯಕ್ತಿ, ಅಲ್ಲಿನವರನ್ನು ಸೇರಿಸಿಕೊಂಡು ಬೀದಿ ಹುಡುಗರಿಗೆ ಬೇರೆಯದೇ ಥರದ ಫುಟ್‌ಬಾಲ್ ಶುರು ಮಾಡಿದರು. ರೆಫರಿ ಇಲ್ಲ. ಹುಡುಗ ಹುಡುಗಿ ಒಂದೇ ತಂಡ. ಮೊದಲ ಗೋಲು ಹುಡುಗಿಯದೇ ಆಗಬೇಕು. ಆಟಕ್ಕೆ ಮುಂಚೆ ಕೂತು ನಿಯಮ ಮಾತಾಡಿಕೊಳ್ಳಬೇಕು, ಮುಗಿದ ಮೇಲೆ ಮತ್ತೆ ಕೂತು ಯಾರು ಹೇಗೆ ನಡೆದುಕೊಂಡರು ಅಂತ ಮಾತಾಡಬೇಕು. ಗೋಲಿಗೆ ಪಾಯಿಂಟ್ ಇರುವ ಹಾಗೆ ನಡತೆಗೂ ಪಾಯಿಂಟ್. ಈಗ ಇದನ್ನು ಬೇರೆ ಬೇರೆ ದೇಶಗಳಲ್ಲಿ ಫುಟ್‌ಬಾಲ್3 ಅಂತ ಆಡಿಸುತ್ತಾರೆ. ಮಾತು, ಆಟ, ಮತ್ತೆ ಮಾತು, ಹೀಗೆ ಮೂರು ಭಾಗ.

ನಮ್ಮಲ್ಲಿ ಮೊದಲ ಎರಡು ತಿಂಗಳು ಈ ಮೂರನೇ ಭಾಗ ಪೂರ್ತಿ ನಗೆಪಾಟಲು. "ಹೇಗಿತ್ತು ಇವತ್ತು?" ಅಂತ ಅಕ್ಕ ಕೇಳಿದರೆ "ಚೆನ್ನಾಗಿತ್ತಕ್ಕ" ಅಂತ ಒಂದೇ ಸ್ವರದಲ್ಲಿ ಹೇಳಿ ಎದ್ದು ಓಡುತ್ತಿದ್ದರು. ನನಗೂ ಇದೆಲ್ಲ ಯಾಕಪ್ಪಾ ಅನ್ನಿಸಿತ್ತು.

ಹದಿಮೂರು ವರ್ಷದ ಒಬ್ಬಳು ಹುಡುಗಿ ಬರುತ್ತಿದ್ದಳು. ಐದು ವಾರ ಒಂದು ಮಾತೂ ಆಡಿರಲಿಲ್ಲ. ಆರನೇ ವಾರ, ಕಾಲ್ಬೆರಳಿನ ಸಂದಿಯ ಕೆಸರು ಕಡ್ಡಿಯಲ್ಲಿ ಕೆರೆಯುತ್ತಾ, ತಲೆ ಎತ್ತದೆ ಹೇಳಿದಳು: "ನಂಗೆ ಯಾರೂ ಪಾಸ್ ಕೊಡಲ್ಲ."

ಗ್ಯಾರೇಜಿನಲ್ಲಿ ಕೆಲಸಕ್ಕೆ ಹೋಗುವ ಹುಡುಗ ತಕ್ಷಣ, "ಅವ್ಳು ಕೇಳಲ್ಲ ಅಕ್ಕ" ಅಂದ.

"ಕೇಳಿದೀನಿ. ಇವತ್ತು ಹನ್ನೊಂದು ಸಲ."

ಎಣಿಸಿದ್ದಳು! ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಮಳೆ ಹನಿ ಸದ್ದು ಬಿಟ್ಟರೆ ಏನೂ ಇಲ್ಲ. ಅಕ್ಕನೂ ಬಾಯಿ ಬಿಡಲಿಲ್ಲ, ಅದು ಅವಳ ಜಾಣತನ. ನಾನಾಗಿದ್ದರೆ ಹೆಣ್ಣುಮಕ್ಕಳ ಸಮಾನತೆ ಬಗ್ಗೆ ಕಾಲು ಗಂಟೆ ಕೊರೆದು ಎಲ್ಲ ಹಾಳು ಮಾಡುತ್ತಿದ್ದೆ. ಕೊನೆಗೆ ಹುಡುಗರೇ ಒಂದು ನಿಯಮ ಮಾಡಿದರು. ಗೋಲು ಹೊಡೆಯುವ ಮುಂಚೆ ಒಬ್ಬ ಹುಡುಗಿಗಾದರೂ ಚೆಂಡು ಮುಟ್ಟಿರಬೇಕು.

ಮುಂದಿನ ವಾರ ಏನು ಮಾಡಿದರು ಗೊತ್ತಾ? ಒಬ್ಬಳನ್ನು ಗೋಲಿನ ಪಕ್ಕ ನಿಲ್ಲಿಸಿ, ಚೆಂಡು ಅವಳ ಕಾಲಿಗೆ ತಾಗಿಸಿ, ವಾಪಸ್ ತಗೊಂಡು ಹೊಡೆದರು. ನಿಯಮಕ್ಕೆ ನಿಯಮವೂ ಆಯ್ತು. ಆಟ ಮುಗಿದು ಕೂತಾಗ ಅದೇ ಹುಡುಗಿ, ಈ ಸಲ ತಲೆ ಎತ್ತಿಯೇ, "ನಾವೇನು ಟೋಲ್ ಗೇಟಾ?" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಗ್ಯಾರೇಜ್ ಹುಡುಗನೂ. ಆ ನಿಯಮ ಮೂರು ವಾರ ತಿದ್ದುಪಡಿ ಕಂಡಿತು. ಈಗ ಯಾವ ರೂಪದಲ್ಲಿದೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ, ಮಕ್ಕಳನ್ನೇ ಕೇಳಬೇಕು.

ನನ್ನ ಪ್ರಕಾರ ಜೀವನ ಕೌಶಲ ಅಂದರೆ ಇದು. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಹತ್ತು ಕೌಶಲಗಳನ್ನು ಪಟ್ಟಿ ಮಾಡಿತ್ತು. ನಿರ್ಧಾರ ತೆಗೆದುಕೊಳ್ಳುವುದು, ಇನ್ನೊಬ್ಬರ ನೋವು ತಿಳಿಯುವುದು, ಸಿಟ್ಟು ನಿಭಾಯಿಸುವುದು ಇತ್ಯಾದಿ. ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಬೋರ್ಡ್ ಮೇಲೆ ಬರೆದು ಮಕ್ಕಳಿಗೆ ಕಾಪಿ ಮಾಡಿಸುವುದನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಸಿಟ್ಟು ನಿಭಾಯಿಸುವುದನ್ನು ಸಿಟ್ಟು ಬಂದಾಗಲೇ ಕಲಿಯಬೇಕು. ಫುಟ್‌ಬಾಲ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಸಿಟ್ಟು ಬರುತ್ತದೆ, ಅಷ್ಟು ಅಗ್ಗವಾಗಿ ಇನ್ನೆಲ್ಲೂ ಸಿಗುವುದಿಲ್ಲ. ಬಂದ ಸಿಟ್ಟನ್ನು ಮನೆಗೆ ಒಯ್ಯುವ ಮುಂಚೆ ಕೂತು ಮಾತಾಡಿಸಲು ಒಬ್ಬರು ಬೇಕು. ಆ ಕೂತು ಮಾತಾಡುವ ಹೊತ್ತನ್ನು ತೆಗೆದುಬಿಟ್ಟರೆ ಉಳಿಯುವುದು ಚೆಂಡು ಮತ್ತು ಜಗಳ. ಗಟ್ಟಿ ಇರುವವನು ಇನ್ನೂ ಗಟ್ಟಿ ಆಗುತ್ತಾನೆ, ಮೂಲೆಯಲ್ಲಿರುವವಳು ಮೂಲೆಯಲ್ಲೇ ಇರುತ್ತಾಳೆ. ಆಟ ಆಡಿದರೆ ಸಾಕು, ಮಕ್ಕಳು ತಾವೇ ಸರಿಹೋಗುತ್ತಾರೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ.

ಇದರಿಂದ ಎಲ್ಲ ಒಳ್ಳೆಯದೇ ಆಗುತ್ತದೆ ಅಂತಲೂ ಹೇಳಲಾರೆ. ಆ ಹುಡುಗಿಯ ಅಮ್ಮ ಅಡಿಕೆ ಸುಲಿಯಲು ಹೋಗುತ್ತಾರೆ. ಸುಲಿದಷ್ಟಕ್ಕೆ ಕೂಲಿ. ಸುಗ್ಗಿಯಲ್ಲಿ ಮಗಳೂ ಜೊತೆಗೆ ಕೂರುತ್ತಾಳೆ. ಒಂದು ರಾತ್ರಿ ಲೆಕ್ಕ ಬರೆಯುವವನಿಗೆ ಇವಳು, "ಒಂದು ಡಬ್ಬ ಕಮ್ಮಿ ಬರೆದಿದೀರಿ" ಅಂದುಬಿಟ್ಟಳಂತೆ. ಅಮ್ಮ ಮಾರನೇ ದಿನ ನನ್ನ ಹತ್ತಿರ ಬಂದರು. "ಸಾರ್, ನಿಮ್ಮ ಆಟಕ್ಕೆ ಬಂದ ಮೇಲೆ ಇವ್ಳಿಗೆ ಬಾಯಿ ಜಾಸ್ತಿ ಆಗಿದೆ. ನಾಳೆ ಕೆಲಸಕ್ಕೆ ಬರಬೇಡಿ ಅಂದ್ರೆ ನೀವು ಕೊಡ್ತೀರಾ?" ನಾನು ಏನು ಹೇಳಲಿ? ಲೆಕ್ಕ ಹುಡುಗಿಯದೇ ಸರಿಯಿತ್ತು. ಅಮ್ಮನ ಹೆದರಿಕೆಯೂ ಸುಳ್ಳಲ್ಲ. ಅಕ್ಕ ಅವರ ಮನೆಗೆ ಹೋಗಿ ಎರಡು ಗಂಟೆ ಕೂತು ಬಂದಳು. ಹುಡುಗಿ ಮೂರು ವಾರ ಬಿಟ್ಟು ಮತ್ತೆ ಬಂದಳು.

ಈ ಊರಿನಲ್ಲಿ 144 ಸೆಕ್ಷನ್ ಹಾಕಿದ ದಿನಗಳನ್ನು ಕಂಡವರು ನಾವು. ಆ ಬಗ್ಗೆ ದೊಡ್ಡ ಮಾತು ನನಗೆ ಬರುವುದಿಲ್ಲ. ಒಂದು ಸಣ್ಣ ವಿಷಯ ಮಾತ್ರ ಗಮನಿಸಿದ್ದೇನೆ. ಪಾಸ್ ಬೇಕು ಅಂದರೆ ಹೆಸರು ಹಿಡಿದು ಕೂಗಬೇಕು. "ಏಯ್" ಅಂದರೆ ನಾಲ್ಕು ಜನ ತಿರುಗುತ್ತಾರೆ, ಅಷ್ಟರಲ್ಲಿ ಚೆಂಡು ಹೋಗಿರುತ್ತದೆ. ಹಾಗಾಗಿ ಆ ಬೀದಿಯ ಮಕ್ಕಳ ಹೆಸರು ಈ ಬೀದಿಯ ಮಕ್ಕಳಿಗೆ ಗೊತ್ತು, ಇವರದು ಅವರಿಗೆ.

ನಾನು ಮಾಡಿದ ಒಂದು ತಪ್ಪನ್ನೂ ಬರೆಯಬೇಕು. ನಮ್ಮಲ್ಲಿ ಒಬ್ಬ ಹುಡುಗ ತುಂಬಾ ಚೆನ್ನಾಗಿ ಆಡುತ್ತಿದ್ದ. ಎಡಗಾಲು, ನೋಡಲು ಖುಷಿ. ನಾನೇ ಅವನ ತಲೆಗೆ ಹುಳ ಬಿಟ್ಟೆ. "ನೀನು ದೊಡ್ಡ ಆಟಗಾರ ಆಗ್ತೀಯ ಕಣೋ" ಅಂದೆ. ಒಂದು ಆಯ್ಕೆ ಶಿಬಿರಕ್ಕೆ ರಾತ್ರಿ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅಲ್ಲಿ ಆಧಾರ್ ಕಾರ್ಡಿನಲ್ಲಿ ಒಂದು ಹುಟ್ಟಿದ ದಿನ, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಜನನ ಪ್ರಮಾಣಪತ್ರ ಇಲ್ಲವೇ ಇಲ್ಲ. ಚೆಂಡು ಮುಟ್ಟುವ ಮುಂಚೆಯೇ ವಾಪಸ್ ಕಳಿಸಿದರು. ಬರುವಾಗ ಅವನು ದಾರಿಯುದ್ದ ಕಿಟಕಿಗೆ ತಲೆ ಕೊಟ್ಟು ಮಲಗಿದ ಹಾಗೆ ಮಾಡಿದ. ಎರಡು ತಿಂಗಳು ಮೈದಾನದ ಕಡೆ ತಲೆ ಹಾಕಲಿಲ್ಲ. ಜಾರ್ಖಂಡ್‌ನಲ್ಲಿ 2009ರಲ್ಲಿ ಶುರುವಾದ 'ಯುವ' ಅನ್ನುವ ಫುಟ್‌ಬಾಲ್ ಸಂಸ್ಥೆಯ ಹುಡುಗಿಯರು 2013ರಲ್ಲಿ ಸ್ಪೇನ್‌ಗೆ ಆಡಲು ಹೋದರಲ್ಲ, ಅವರೂ ಪಾಸ್‌ಪೋರ್ಟ್‌ಗೆ ಬೇಕಾದ ಜನನ ಪ್ರಮಾಣಪತ್ರ ಕೇಳಲು ಹೋಗಿ ಅವಮಾನ ಪಟ್ಟಿದ್ದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕಾಗದ ನೋಡದೆ ಕನಸು ಹಂಚಿದೆ. ಈಗ ಯಾವ ಮಗುವಿಗೂ ನೀನು ಸ್ಟಾರ್ ಆಗ್ತೀಯ ಅನ್ನುವುದಿಲ್ಲ. ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಯಾರ್ಯಾರ ಕಾಗದ ಸರಿಯಿಲ್ಲ ಅಂತ ಬರೆದುಕೊಂಡಿದ್ದೇನೆ, ಒಂದೊಂದೇ ಮಾಡಿಸುತ್ತಿದ್ದೇವೆ. ನಮ್ಮ ತರಬೇತಿಯಲ್ಲಿ ಇದಕ್ಕಿಂತ ಉಪಯೋಗದ ಭಾಗ ಇನ್ನೊಂದಿಲ್ಲ ಅಂತ ಕೆಲವೊಮ್ಮೆ ಅನ್ನಿಸುತ್ತದೆ.

ಇನ್ನು ಜರ್ಸಿ. ಕೆಲವು ವರ್ಷದ ಹಿಂದೆ ಇಲ್ಲೇ ಒಂದು ಶಾಲೆಗೆ ದೂರದ ಊರಿನಿಂದ ನಲವತ್ತು ಜರ್ಸಿ, ಹತ್ತು ಚೆಂಡು ಬಂದವು. ಶಾಮಿಯಾನ, ಮಾಲೆ, ಭಾಷಣ, ಗ್ರೂಪ್ ಫೋಟೋ. ಜರ್ಸಿಯ ಎದೆ ಮೇಲೆ ಕೊಟ್ಟವರ ಹೆಸರು ಎಷ್ಟು ದೊಡ್ಡದಿತ್ತು ಅಂದರೆ ಮಕ್ಕಳ ನಂಬರಿಗೆ ಜಾಗ ಇರಲಿಲ್ಲ. ಎಲ್ಲ ಒಂದೇ ಅಳತೆ, ಆರನೇ ಕ್ಲಾಸಿನವರಿಗೆ ಮಂಡಿವರೆಗೆ ಬರುತ್ತಿತ್ತು. ಚೆಂಡುಗಳು ಬೀರು ಸೇರಿದವು. ಬೀರುವಿನ ಬೀಗದ ಕೈ ಪಿಟಿ ಮೇಷ್ಟ್ರ ಹತ್ತಿರ. ಮೇಷ್ಟ್ರು ಚುನಾವಣಾ ಕೆಲಸಕ್ಕೆ. ಮುಂದಿನ ಮಳೆಗಾಲಕ್ಕೆ ತೆಗೆದು ನೋಡಿದರೆ ಚೆಂಡಿಗೆಲ್ಲ ಬೂಷ್ಟು ಹಿಡಿದಿತ್ತು. ಕೊಟ್ಟವರನ್ನು ನಾನು ದೂರುವುದಿಲ್ಲ. ಚೆಂಡಿಗೆ ಬಿಲ್ ಇರುತ್ತದೆ, ಫೋಟೋ ಬರುತ್ತದೆ. ಅಡಿಕೆ ಸುಲಿಯುವವರ ಮನೆಯಲ್ಲಿ ಎರಡು ಗಂಟೆ ಕೂತು ಬಂದಿದ್ದಕ್ಕೆ ಯಾರು ಬಿಲ್ ಕೊಡುತ್ತಾರೆ?

ಹಾಗಾಗಿ, ಅವತ್ತು ಬಂದಿದ್ದ ಹಿರಿಯರಿಗೆ ನನ್ನ ಉತ್ತರ ಇದು. ಸಾರ್, ಜರ್ಸಿ ಬೇಡ. ಅಕ್ಕನಿಗೆ ನಾವು ನಾಲ್ಕೈದು ಜನ ಸೇರಿ ತಿಂಗಳಿಗೆ ಕೊಡುವುದು ಅವಳ ಸ್ಕೂಟಿ ಪೆಟ್ರೋಲಿಗೆ ಸರಿ ಹೋಗುತ್ತದೆ, ಅಷ್ಟೇ. ಬೆಂಗಳೂರಿನಿಂದ ವಾಪಸ್ ಬಾ ಅಂತ ಅವಳಿಗೆ ಕರೆ ಬರುತ್ತಲೇ ಇದೆ. ಅವಳು ಹೋದರೆ ಚೆಂಡು ಇಲ್ಲೇ ಇರುತ್ತದೆ, ಆ ಹತ್ತು ನಿಮಿಷ ಹೋಗುತ್ತದೆ. ಜರ್ಸಿಯ ದುಡ್ಡನ್ನು ವರ್ಷಕ್ಕೆ ಹಂಚಿ ಅವಳ ಸಂಬಳಕ್ಕೆ ಸೇರಿಸಲು ಆಗುತ್ತದಾ ನೋಡಿ. ಫೋಟೋ ಬೇಕಿದ್ದರೆ ಕೆಸರಲ್ಲಿ ಕೂತಿರುವಾಗಲೇ ತೆಗೆಯೋಣ.

ಬೇರೆಯವರೂ ಬನ್ನಿ. ಭಾನುವಾರ ಸಂಜೆ ನಾಲ್ಕಕ್ಕೆ, ಮಳೆ ಇದ್ದರೂ. ಅಕ್ಟೋಬರ್‌ನಿಂದ ಅಡಿಕೆ ಸುಗ್ಗಿ, ಆಗ ಅರ್ಧ ಮಕ್ಕಳು ಇರುವುದಿಲ್ಲ, ಅದರೊಳಗೇ ಬನ್ನಿ. ಬಂದರೆ ಸುತ್ತಿನಲ್ಲಿ ಮಕ್ಕಳ ಜೊತೆ ನೆಲದ ಮೇಲೇ ಕೂರಬೇಕು, ಕುರ್ಚಿ ಇಲ್ಲ. ಮತ್ತೆ, ಚೆಂಡಿಗೆ ಗಾಳಿ ಹೊಡೆಯುವ ಪಂಪಿನ ಸೂಜಿ ಮೂರನೇ ಸಲ ಕಳೆದುಹೋಗಿದೆ. ಬರುವವರು ಒಂದು ತನ್ನಿ.